ಎಡೆದೊರೆನಾಡಿನ ಮತ್ಸ್ಯವೃತ್ತಿಯೂ ಒಂದು ಬಾಲ್ಯಸ್ಮೃತಿಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ನಾಡಿನ ಚರಿತ್ರೆಯೆಂದೊಡನೆ ವಾಚಕರ ಮನಸ್ಸಿಗೆ ಬರುವುದು ಕೋಟೆಗಳೂ ಕಾಳಗಗಳೂ ಅಲ್ಲವೆ? ಪ್ರಾಚೀನ ಶಾಸನಗಳಲ್ಲಿ ಎಡೆದೊರೆ 2000 ಎಂದು ಹೆಸರಾದ ಈ ಭೂಭಾಗಕ್ಕಾಗಿ ಹೋರಾಡದ ಅರಸುಮನೆತನವು ದಕ್ಷಿಣಾಪಥದಲ್ಲಿ ವಿರಳ. 1294ರಲ್ಲಿ ರಾಯಚೂರಿನ ಕೋಟೆಯು ಕಟ್ಟಲ್ಪಟ್ಟುದು, 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಇಲ್ಲಿಯೇ ಸೋಲಿಸಿದುದು, 1853ರಲ್ಲಿ ಈ ಪ್ರಾಂತವು ಆಂಗ್ಲರ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿ ಬಂದುದು, 1948ರಲ್ಲಿ ಆ ಆಳಿಕೆಯು ಕೊನೆಗೊಂಡುದು, 1956ರಲ್ಲಿ ನಾವು ಕನ್ನಡ ರಾಜ್ಯದಲ್ಲಿ ಸೇರಿದುದು, ಇವೆಲ್ಲವನ್ನೂ ಶಾಲೆಯ ಮಕ್ಕಳು ಬಾಯಿಪಾಠ ಹೇಳಬಲ್ಲರು. ಆದರೆ ಈ ಕಾಲಗಣನೆಯಲ್ಲಿ ನದಿಯು ಕೇವಲ ಒಂದು ಗಡಿಗೆರೆಯಾಗಿ ಕಾಣಿಸುತ್ತದೆಯೇ ಹೊರತು, ಆ ನೀರಿನಲ್ಲಿಯೇ ಬಾಳಿ ಬದುಕಿದ ಜನರ ಸುಳಿವು ದೊರೆಯುವುದಿಲ್ಲ. ದಂಡು ಹೊಳೆಯನ್ನು ದಾಟಿತೆಂದು ಬರೆದವರು, ದಾಟಿಸಿದವರಾರೆಂದು ಬರೆಯಲಿಲ್ಲ. ಆ ದಾಟಿಸಿದವರ, ಮೀನು ಹಿಡಿದು ಬದುಕಿದವರ ಸಂಗತಿಯನ್ನು ನನ್ನ ತಿಳಿವಳಿಕೆಗೆ ಎಟುಕಿದಷ್ಟು ಇಲ್ಲಿ ಸಂಗ್ರಹಿಸಿ, ಅದಕ್ಕೆ ಸಾಕ್ಷಿಯಾಗಿ ನನ್ನ ಬಾಲ್ಯದ ಒಂದು ಪ್ರಸಂಗವನ್ನೂ ನಿವೇದಿಸಲು ಉದ್ದೇಶಿಸಿದ್ದೇನೆ.

ಮೊದಲು ಪ್ರಾಚೀನ ಪ್ರಮಾಣಗಳನ್ನು ನೋಡೋಣ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನವು ದೇವಾನಾಂಪ್ರಿಯನೆಂಬಾತನೇ ಅಶೋಕನೆಂದು ಸ್ಥಿರಪಡಿಸಿ ಲೋಕಪ್ರಸಿದ್ಧವಾಯಿತು. ಅದೇ ಅರಸನು ಉತ್ತರದೇಶದಲ್ಲಿ ನಿಲ್ಲಿಸಿದ ಸ್ತಂಭಗಳ ಐದನೆಯ ಶಾಸನದಲ್ಲಿ ಮತ್ಸ್ಯಗಳ ವಿಷಯವು ಬಂದಿದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಆ ಆಜ್ಞೆಯಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದ್ದು, ಅದರಲ್ಲಿ ಮೂಳೆಯಿಲ್ಲದ ಮೀನೆಂಬ ಒಂದು ಜಾತಿಯೂ ಸೇರಿದೆ. ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ತಿಷ್ಯಾ ನಕ್ಷತ್ರದ ಹುಣ್ಣಿಮೆಯಲ್ಲಿಯೂ ಅವುಗಳ ಹಿಂದುಮುಂದಿನ ದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದು ಎಂದು ವಿಧಿಸಲ್ಪಟ್ಟಿದೆ. ಆ ಸ್ತಂಭಶಾಸನವು ನಮ್ಮ ಸೀಮೆಯಲ್ಲಿ ದೊರೆತುದಲ್ಲವಾದರೂ, ಮಸ್ಕಿಯ ಬಂಡೆಯ ಮೇಲೆ ಯಾರ ಹೆಸರಿದೆಯೋ ಅವನೇ ಮೀನಿಗೂ ಬಿಡುವಿನ ದಿನಗಳನ್ನು ಗೊತ್ತುಮಾಡಿದನೆಂಬುದು ನಾವು ನೆನೆಯತಕ್ಕ ಸಂಗತಿ. ಮಾರುವುದನ್ನು ನಿಷೇಧಿಸಬೇಕಾದರೆ ಮಾರುವ ಕಟ್ಟೆಗಳಿರಬೇಕು. ಆದಕಾರಣ ಎರಡುಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇದು ವ್ಯವಸ್ಥಿತವಾದ ವೃತ್ತಿಯಾಗಿದ್ದಿತೆಂದು ತಿಳಿಯಬಹುದು.

ಇನ್ನು ಕೋಶಗ್ರಂಥಗಳು. ಪಾಠಶಾಲೆಯಲ್ಲಿ ಓದಿದವರೆಲ್ಲರೂ ಅಮರಕೋಶದ ಪ್ರಥಮಕಾಂಡದ ವಾರಿವರ್ಗವನ್ನು ಕಂಠಸ್ಥ ಮಾಡಿದವರೇ. ಮೀನುಗಾರನಿಗೆ ಕೈವರ್ತ, ದಾಶ, ಧೀವರ ಎಂದೂ, ಗಾಳಕ್ಕೆ ಬಡಿಶವೆಂದೂ, ಬಲೆಗೆ ಆನಾಯವೆಂದೂ, ಮೀನಿನ ಬುಟ್ಟಿಗೆ ಕುವೇಣಿಯೆಂದೂ ಅಲ್ಲಿ ಪರ್ಯಾಯಪದಗಳು ಬಂದಿವೆ. ಪಾಠೀನವೆಂಬ ಮೀನಿಗೆ ಸಹಸ್ರದಂಷ್ಟ್ರವೆಂಬ ಇನ್ನೊಂದು ಹೆಸರು ಕೊಡಲ್ಪಟ್ಟಿದೆ.

ಇವೆಲ್ಲಕ್ಕಿಂತಲೂ ನಮಗೆ ಹತ್ತಿರವಾದುದು ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರೂ ಇದಕ್ಕುಂಟು. ಇದರ ಕರ್ತೃವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಕಾಲವು ಶಕ 1051, ಅಂದರೆ ಕ್ರಿ. ಶ. 1129ರ ಆಸುಪಾಸು. ನಮ್ಮ ಎಡೆದೊರೆನಾಡು ಆಗ ಅವನ ರಾಜ್ಯಕ್ಕೆ ಸೇರಿದ್ದಿತು. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಆನೆ, ಕುದುರೆ, ಅಡಿಗೆ, ಸಂಗೀತಗಳ ಜತೆಗೆ ಮತ್ಸ್ಯವಿನೋದವೆಂಬ ಒಂದು ಪ್ರಕರಣವೂ ಇದೆ. ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಚರ್ಮ ಮಾತ್ರವುಳ್ಳವು ಎಂದೂ ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರವು ಪ್ರಿಯವೆಂಬುದನ್ನು ಹೇಳಿ, ಗಾಳದ ಕೋಲು ಮತ್ತು ಹುರಿಗಳ ಲಕ್ಷಣವನ್ನು ಅರಸನು ವಿವರಿಸಿದ್ದಾನೆ. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಈ ಗ್ರಂಥವು ಪ್ರಕಟವಾಯಿತು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಬರೆದ ಮೇಲೆ ವಿದ್ವಾಂಸರ ದೃಷ್ಟಿಯು ಅದರತ್ತ ಹರಿಯಿತು. ಚಕ್ರವರ್ತಿಯು ಇದನ್ನೆಲ್ಲ ಸ್ವತಃ ಕಂಡುಹಿಡಿದನೆಂದು ಯಾರೂ ಹೇಳಲಾರರು. ಯಾವ ಮೀನು ಯಾವ ಎರೆಗೆ ಬರುವುದೆಂಬ ಜ್ಞಾನವು ಹೊಳೆಯಲ್ಲಿ ತಲೆಮಾರುಗಳ ಕಾಲ ನಿಂತವರದು. ಅರಸನು ಅದನ್ನು ಶ್ಲೋಕಗಳಲ್ಲಿ ಕಟ್ಟಿದನು. ಗ್ರಂಥಕ್ಕೆ ಅರಸನ ಹೆಸರು ಬಂದಿತು, ಕಲಿಸಿದವರ ಹೆಸರು ಉಳಿಯಲಿಲ್ಲ.

ಹೆಸರು ಉಳಿದ ಒಬ್ಬ ಮಹನೀಯನು ಅದೇ ಶತಮಾನದಲ್ಲಿದ್ದನು. ತುಂಗಭದ್ರಾತೀರದ, ಈಗ ಹಾವೇರಿ ಜಿಲ್ಲೆಗೆ ಸೇರಿದ ಚೌಡದಾನಪುರದ ಅಂಬಿಗರ ಚೌಡಯ್ಯನು ದೋಣಿಯ ಕಾಯಕದಲ್ಲಿದ್ದುಕೊಂಡೇ ನಿಷ್ಠುರವಾದ ವಚನಗಳನ್ನು ನುಡಿದನು. ಅಂಕಿತವನ್ನು ದೇವರ ಹೆಸರಿನಲ್ಲಿಡುವುದು ಇತರ ಶರಣರ ಪದ್ಧತಿಯಾದರೆ, ಆತನು ತನ್ನ ವೃತ್ತಿಯ ಹೆಸರನ್ನೇ ಅಂಕಿತವನ್ನಾಗಿ ಮಾಡಿಕೊಂಡನು. ಮುಂದೆ ಪುರಂದರದಾಸರು ಪರಮಾತ್ಮನನ್ನೇ ಅಂಬಿಗನೆಂದು ಕರೆದು ಹಾಡಿದರು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಜನಿಸಿದ ವಿಜಯದಾಸರೂ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರೂ, ಬ್ಯಾಗವಾಟದ ಜಗನ್ನಾಥದಾಸರೂ ಈ ಎರಡು ಹೊಳೆಗಳ ನಡುವಿನವರೇ. ಇವರೆಲ್ಲರೂ ತೀರ್ಥಯಾತ್ರೆಗೆ ಹೊರಟಾಗ ಹೊಳೆಯಲ್ಲಿ ಹರಿಗೋಲನ್ನು ಹತ್ತಿಯೇ ಹೋಗಬೇಕಾಗಿದ್ದಿತಷ್ಟೆ.

ಆ ಹರಿಗೋಲಿನ ವರ್ಣನೆಯು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ ಪ್ರವಾಸಿ ಡೊಮಿಂಗೊ ಪಾಯಸನ ಬರವಣಿಗೆಯಲ್ಲಿ ದೊರೆಯುತ್ತದೆ. ಬುಟ್ಟಿಯಂತೆ ದುಂಡಗಾದ, ಒಳಗೆ ಬೆತ್ತದಿಂದ ಹೆಣೆದು ಹೊರಗೆ ತೊಗಲನ್ನು ಹೊದಿಸಿದ ಈ ದೋಣಿಯು ಹದಿನೈದು ಇಪ್ಪತ್ತು ಜನರನ್ನು ಹೊರುವುದೆಂದೂ, ಕುದುರೆ ಎತ್ತುಗಳನ್ನು ಕೂಡ ಅಗತ್ಯ ಬಿದ್ದರೆ ಸಾಗಿಸುವುದೆಂದೂ, ಹುಟ್ಟು ಹಾಕಿದಂತೆಲ್ಲ ಸುತ್ತುತ್ತಲೇ ಸಾಗುವುದೆಂದೂ ಆತನು ಬರೆದಿದ್ದಾನೆ. ಆನೆಗೊಂದಿಯ ಕಡವಿನಲ್ಲಿ ಇಂತಹ ದೋಣಿಯನ್ನು ಏರಿದವರಿಗೆ ಈ ಮಾತಿನ ಯಥಾರ್ಥತೆಯನ್ನು ಬೇರೆ ಹೇಳಬೇಕಾಗಿಲ್ಲ. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದ್ರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ದೂರಪ್ರಯಾಣವು ಸೇತುವೆಯ ಪಾಲಾಯಿತು. 1943ರಲ್ಲಿ ದೇವಸೂಗೂರಿನ ಬಳಿ ಕೃಷ್ಣೆಗೆ ಕಲ್ಲಿನ ಸೇತುವೆಯು ಮುಗಿಯಿತು. ಒಂದೊಂದು ಸೇತುವೆಗೂ ಒಂದೊಂದು ಕಡವು ಬರಿದಾಯಿತು. ದಾಟಿಸುವ ಕಾಯಕವು ಕುಗ್ಗಿದಂತೆಲ್ಲ ಅಂಬಿಗನಿಗೆ ಬಲೆಯೊಂದೇ ಆಧಾರವಾಗಿ ಉಳಿಯಿತು. ನಾನು ಕಂಡುದು ಅಂತಹ ಕಾಲವನ್ನು.

ನನ್ನ ಬಾಲ್ಯವು ಮಾನ್ವಿಯಲ್ಲಿ ಕಳೆಯಿತು. ತಾಯಿಯ ತವರು ದೇವದುರ್ಗ ತಾಲ್ಲೂಕಿನ ಕೃಷ್ಣಾತೀರದ ಒಂದು ಗ್ರಾಮ. ಮಾತಾಮಹರು ಶಾಸ್ತ್ರಾಧ್ಯಯನ ಮಾಡಿದವರು. ಬೇಸಗೆಯ ರಜೆಯಲ್ಲಿ ನನಗೆ ಅಮರವನ್ನು ಹೇಳಿಕೊಡುತ್ತಿದ್ದರು. 1970ರ ಬೇಸಗೆಯಲ್ಲಿ ನಾನು ಹತ್ತು ವರ್ಷದವನು. ಮೇಲ್ಗಡೆ ಆಗಿನ್ನೂ ನಾರಾಯಣಪುರದ ಅಣೆಕಟ್ಟು ಮುಗಿದಿರಲಿಲ್ಲ. ವೈಶಾಖದಲ್ಲಿ ಕೃಷ್ಣೆಯು ಬಂಡೆಗಳ ನಡುವೆ ಸಣ್ಣಗೆ ಸರಿದು, ಅಲ್ಲಲ್ಲಿ ಆಳವಾದ ಮಡುಗಳಲ್ಲಿ ಮಾತ್ರ ನಿಲ್ಲುತ್ತಿದ್ದಳು. ಆ ಮಡುಗಳ ದಡದಲ್ಲಿ ಕುಳಿತಿರುತ್ತಿದ್ದ ಒಬ್ಬ ವೃದ್ಧ ಅಂಬಿಗನು, ದಿನವೂ ಸ್ನಾನಕ್ಕೆ ಹೋಗಿ ನೋಡುತ್ತ ನಿಲ್ಲುತ್ತಿದ್ದ ನನ್ನನ್ನು ಒಂದು ಮುಂಜಾನೆ ಹತ್ತಿರ ಕರೆದು, ಕೈಯಲ್ಲಿ ಒಂದು ಬಿದಿರುಕೋಲನ್ನು ಕೊಟ್ಟನು. ಹುರಿಗೆ ಜೋಳದ ದಂಟಿನ ಬೆಂಡನ್ನು ಕಟ್ಟಿದ್ದಿತು. ಗಾಳಕ್ಕೆ ಎರೆಹುಳವನ್ನು ಅವನೇ ಚುಚ್ಚಿದನು.

"ಗಾಳಾ ನೀರಾಗ ಹಾಕೂದು ಯಾರಿಗರೆ ಬರತದ. ಸುಮ್ಮನ ಕೂಡೂದು ಬರಬೇಕು ನೋಡಪ್ಪಾ" ಎಂದನು.

ಎಷ್ಟು ಹೊತ್ತು ಕುಳಿತೆವೋ ನನಗೆ ನೆನಪಿಲ್ಲ. ಬಂಡೆಯು ಕಾಯತೊಡಗಿದ್ದಿತು. ಬೆಂಡು ಎರಡು ಸಲ ನಡುಗಿ, ಮೂರನೆಯ ಸಲ ಒಮ್ಮೆಲೆ ಮುಳುಗಿತು. ಎಳೆದಾಗ ಬಂದುದು ಬೆರಳುದ್ದದ, ಬೆಳ್ಳಿಯ ಹಾಗೆ ಹೊಳೆಯುವ ಒಂದು ಮೀನು. ಅಮರಸಿಂಹನ ಶಫರಿಯು ನನ್ನ ಅಂಗೈಯಲ್ಲಿ ಒದ್ದಾಡುತ್ತಿದ್ದಿತು. ಅಂಬಿಗನು ಅದನ್ನು ಮೆಲ್ಲಗೆ ಬಿಡಿಸಿ, "ಇದು ಇನ್ನ ಕೂಸು" ಎಂದು ನೀರಿಗೆ ಬಿಟ್ಟನು. ಬಳಿಕ ರಾತ್ರಿಯ ಗಾಳಕ್ಕೆ ಸಿಕ್ಕಿದ್ದ ಒಂದು ಬಾಳೆಮೀನನ್ನು ಬುಟ್ಟಿಯಿಂದ ತೆಗೆದು, ಅದರ ಅಗಲವಾದ ಬಾಯನ್ನು ತೆರೆದು ತೋರಿಸಿದನು. ಒಳಗೆ ಸಾಲುಸಾಲಾಗಿ ಸೂಜಿಮೊನೆಯಂತಹ ಹಲ್ಲುಗಳು. ಸಹಸ್ರದಂಷ್ಟ್ರವೆಂಬ ಪದದ ಅರ್ಥವು ನನಗೆ ಆದುದು ಆ ಕ್ಷಣದಲ್ಲಿ. ಅಕ್ಷರವನ್ನು ಅರಿಯದ ಆ ವೃದ್ಧನು ಅಂದು ನನಗೆ ಅಮರಕ್ಕೆ ಟೀಕೆಯನ್ನು ಹೇಳಿದನೆಂದರೆ ಅತಿಶಯೋಕ್ತಿಯಲ್ಲ.

ಮುಂದಿನ ದಿನಗಳಲ್ಲಿ ಅವನಿಂದ ಕೇಳಿದ ನಿಯಮಗಳು ಮೂರು. ಮರಿಯನ್ನು ಬಿಡಬೇಕು. ಒಂದು ಮಡುವನ್ನು ಬರಿದು ಮಾಡಬಾರದು. ಮಳೆ ಬರುವವರೆಗೆ ಬೀಜವು ಉಳಿಯುವುದು ಅಲ್ಲಿಯೇ. ಮೊದಲ ಕೆಂಪುನೀರು ಬಂದಾಗ ಮೇಲಕ್ಕೆ ಏರುವ ಬಸುರಿ ಮೀನಿನ ದಾರಿಗೆ ಬಲೆಯನ್ನು ಅಡ್ಡಗಟ್ಟಬಾರದು. ಎಲ್ಲರೂ ಇದನ್ನು ನಡೆಸುತ್ತಿದ್ದರೆಂದು ನಾನು ಹೇಳಲಾರೆ; ಹಸಿದ ಮನೆಯವನು ಕೆಂಪುನೀರಿನಲ್ಲಿಯೂ ಬಲೆ ಬೀಸುತ್ತಿದ್ದನು. ಆದರೆ ನಿಯಮವೊಂದು ಇದ್ದಿತು, ಮತ್ತು ಅದು ಯಾವ ಕಚೇರಿಯಿಂದಲೂ ಬಂದುದಾಗಿರಲಿಲ್ಲ. ಗೆಂಡೆಯ ಜಾತಿಯ ಅನೇಕ ಮೀನುಗಳು ಪ್ರವಾಹಕಾಲದಲ್ಲಿಯೇ ಎದುರುನೀರಿಗೆ ಏರಿ ಮೊಟ್ಟೆಯಿಡುತ್ತವೆಂದು ಇಂದಿನ ಪ್ರಾಣಿಶಾಸ್ತ್ರವೂ ಹೇಳುವುದರಿಂದ, ಆ ನಿಯಮವು ಅನುಭವಮೂಲವಾದುದೆಂದು ಸ್ಪಷ್ಟವಾಗುತ್ತದೆ.

ಮನೆಯಲ್ಲಿ ಈ ಸಮಾಚಾರವು ತಿಳಿದಾಗ ಕೆಲವರು ಮುಖವನ್ನು ಕಿವಿಚಿದರು. ಮೀನನ್ನು ಉಣ್ಣದ ಮನೆ. ಅಂಬಿಗನ ಪಕ್ಕದಲ್ಲಿ ಕುಳಿತು ಬಂದುದೇ ದೊಡ್ಡ ಮಾತಾಯಿತು. ಮಾತಾಮಹರು ಮಾತ್ರ ಏನನ್ನೂ ಅನ್ನದೆ, ಕಪಾಟಿನಿಂದ ಅಭಿಜ್ಞಾನಶಾಕುಂತಲವನ್ನು ತೆಗೆದು ಆರನೆಯ ಅಂಕದ ಪ್ರವೇಶಕವನ್ನು ನನ್ನಿಂದ ಓದಿಸಿದರು. ಅರಸನ ಉಂಗುರವು ರೋಹಿತಮತ್ಸ್ಯದ ಹೊಟ್ಟೆಯಲ್ಲಿ ದೊರೆತ ಧೀವರನನ್ನು ಕಾವಲಿನವರು ಹಿಡಿದು ಹೊಡೆಯುತ್ತಾರೆ. ಅವನ ವೃತ್ತಿಯನ್ನು ಹಾಸ್ಯ ಮಾಡುತ್ತಾರೆ. ಅವನು ಕಳ್ಳನಂತೆ ತಲೆ ತಗ್ಗಿಸದೆ, ಹುಟ್ಟಿನೊಡನೆ ಬಂದ ಕೆಲಸವು ನಿಂದಿತವಾದರೂ ಬಿಡತಕ್ಕುದಲ್ಲವೆಂದು ಉತ್ತರ ಕೊಡುತ್ತಾನೆ. ಕೊನೆಗೆ ಅರಸನಿಂದ ಬಹುಮಾನವು ಬಂದಾಗ ಅದರಲ್ಲಿ ಅರ್ಧವನ್ನು ಹೊಡೆದವರಿಗೇ ಕೊಡುತ್ತಾನೆ. "ಈ ನಾಟಕದಲ್ಲಿ ಕಳೆದುದನ್ನು ಹುಡುಕಿ ಕೊಟ್ಟವರು ಯಾರು?" ಎಂದು ಮಾತಾಮಹರು ಕೇಳಿದರು. ವೇದಗಳನ್ನು ವಿಂಗಡಿಸಿದ ವ್ಯಾಸರ ತಾಯಿಯು ದಾಶರಾಜನ ಮನೆಯಲ್ಲಿ ಬೆಳೆದು ಯಮುನೆಯಲ್ಲಿ ದೋಣಿ ನಡೆಸಿದವಳೆಂಬುದನ್ನೂ ನೆನಪಿಗೆ ತಂದರು. ಆ ವಿಷಯದಲ್ಲಿ ಮನೆಯಲ್ಲಿ ಮತ್ತೆ ಚರ್ಚೆಯಾಗಲಿಲ್ಲ.

ಕಾಳಿದಾಸನ ಧೀವರನ ಮಾತನ್ನು ಇಂದು ಯಥಾವತ್ತಾಗಿ ಒಪ್ಪಬೇಕಾಗಿಲ್ಲ. ಹುಟ್ಟಿದ ಮಾತ್ರಕ್ಕೆ ತಂದೆಯ ವೃತ್ತಿಗೇ ಮಗನು ಕಟ್ಟುಬೀಳಬೇಕೆಂಬ ನಿಯಮವನ್ನು 1950ರ ಸಂವಿಧಾನವು ಮನ್ನಿಸುವುದಿಲ್ಲ; ಅಂಬಿಗರ ಮಕ್ಕಳು ವೈದ್ಯರೂ ಉಪಾಧ್ಯಾಯರೂ ಆಗಬೇಕಾದುದೇ ನ್ಯಾಯ. ಆದರೆ ವೃತ್ತಿಯನ್ನು ಬಿಡುವ ಸ್ವಾತಂತ್ರ್ಯವು ಬೇರೆ, ವೃತ್ತಿಯನ್ನು ಹೀನವೆನ್ನುವ ಅವಿವೇಕವು ಬೇರೆ. ಹೀನವೆಂದುದರ ಜತೆಗೆ ಅದರೊಳಗಿನ ವಿದ್ಯೆಯನ್ನೂ ನಾವು ಕಳೆದುಕೊಳ್ಳುತ್ತಿದ್ದೇವೆ.

ಹೊಳೆಗಳ ಸ್ಥಿತಿಯೂ ಬದಲಾಗಿದೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿದು, ಎಡದಂಡೆಯ ಕಾಲುವೆಯು ಸಿಂಧನೂರು ಮಾನ್ವಿಗಳ ಎರೆಭೂಮಿಯನ್ನು ಬತ್ತದ ಗದ್ದೆಯನ್ನಾಗಿ ಮಾಡಿತು. 1982ರಲ್ಲಿ ನಾರಾಯಣಪುರದ ಅಣೆಕಟ್ಟೂ, ಕೆಳಗಡೆ 1995ರಲ್ಲಿ ಜುರಾಲದ ಜಲಾಶಯವೂ ಕೃಷ್ಣೆಯನ್ನು ತಡೆದು ನಿಲ್ಲಿಸಿದವು. ಇವುಗಳಿಂದ ಅನ್ನವೂ ಬೆಳಕೂ ಬಂದಿತೆಂಬುದು ನಿರ್ವಿವಾದ. ಬರಗಾಲವನ್ನು ಕಂಡ ನಮ್ಮ ಸೀಮೆಯವರು ಕಾಲುವೆಯನ್ನು ದೂರಲಾರರು. ಆದರೆ ಪ್ರವಾಹದಲ್ಲಿ ಮೇಲಕ್ಕೆ ಏರುತ್ತಿದ್ದ ಮೀನಿಗೆ ಈಗ ಗೋಡೆಯು ಅಡ್ಡ ನಿಂತಿದೆ. ಜಲಾಶಯಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಬೆಳೆಸುವ ಪದ್ಧತಿಯು ಬಂದಿದೆ. ಸ್ಫೋಟಕದಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದನ್ನು ಆಂಗ್ಲ ಸರಕಾರವು 1897ರ ಕಾಯಿದೆಯಲ್ಲಿಯೇ ಅಪರಾಧವೆಂದು ಸಾರಿತು. ಕರ್ನಾಟಕವು 1996ರಲ್ಲಿ ಒಳನಾಡಿನ ಮೀನುಗಾರಿಕೆಗೆ ಪ್ರತ್ಯೇಕವಾದ ಕಾಯಿದೆಯನ್ನು ಮಾಡಿತು. ಕಾಯಿದೆಯು ದಂಡಿಸಬಲ್ಲುದು, ಯಾವ ಮಡುವಿನಲ್ಲಿ ಬೀಜವು ಉಳಿಯುವುದೆಂದು ಅದು ಹೇಳಲಾರದು. ಅದನ್ನು ಹೇಳಬಲ್ಲವರು ದಡದಲ್ಲಿ ಕುಳಿತವರು, ಮತ್ತು ಅವರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಆದಕಾರಣ ನಮ್ಮ ಜಿಲ್ಲೆಯ ಸಾಹಿತ್ಯಾಭಿಮಾನಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಶಾಸನಗಳನ್ನು ಪಡಿಯಚ್ಚು ತೆಗೆಯುವಂತೆ, ತಾಳೆಗರಿಗಳನ್ನು ಹುಡುಕುವಂತೆ, ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಳೆಯ ದಂಡೆಯ ಗ್ರಾಮಗಳಿಗೆ ಹೋಗಿ, ವೃದ್ಧ ಅಂಬಿಗರಿಂದ ಮೀನುಗಳ ಹೆಸರು, ಮಡುಗಳ ಹೆಸರು, ಬಲೆ ಕೂಳಿಗಳ ಹೆಸರು, ಗಾಳಿ ಮಳೆಗಳ ಗುರುತು ಇವುಗಳನ್ನು ಅವರ ಬಾಯಿಮಾತಿನಲ್ಲಿಯೇ ಬರೆದುಕೊಳ್ಳಬೇಕು. ಪ್ರತಿಯೊಂದು ಪದದ ಕೆಳಗೆ ಅದನ್ನು ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ನಮೂದಿಸಬೇಕು. ಸೋಮೇಶ್ವರ ಚಕ್ರವರ್ತಿಯ ಗ್ರಂಥದಲ್ಲಿ ಆಗದೆ ಉಳಿದುದು ಇಷ್ಟೇ. ಶಾಲೆಯ ಉಪಾಧ್ಯಾಯರು ಮನಸ್ಸು ಮಾಡಿದರೆ ಒಂದು ಬೇಸಗೆಯ ರಜೆಯಲ್ಲಿ ಈ ಕಾರ್ಯದ ಬಹುಭಾಗವು ನೆರವೇರಬಹುದು. ಕೇಳುವವರು ತಡಮಾಡಿದರೆ ಹೇಳುವವರು ಕಾದಿರುವುದಿಲ್ಲ.