ಪ್ರಣಯ-ರಹಸ್ಯ ಕಾದಂಬರಿ: ವಾಚನದ ಇತಿಹಾಸ

ಪ್ರಣಯವನ್ನು ಪ್ರಧಾನವಾಗಿ ಉಳ್ಳ ಕಾದಂಬರಿಗಳನ್ನು ಒಂದು ಕಪಾಟಿನಲ್ಲಿಯೂ, ಕೊಲೆ, ಗೂಢ, ಅಪಾಯ ಇವುಗಳನ್ನು ವಸ್ತುವಾಗಿ ಉಳ್ಳವನ್ನು ಮತ್ತೊಂದು ಕಪಾಟಿನಲ್ಲಿಯೂ ಇರಿಸುವುದು ಇಂದಿನ ಪುಸ್ತಕ ವ್ಯಾಪಾರದ ರೂಢಿಯಾಗಿರುವುದರಿಂದ, ಇವೆರಡೂ ಮೂಲತಃ ಬೇರೆ ಬೇರೆ ಕುಲದವೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಒಂದೇ ಮನೆಯಲ್ಲಿ ಹುಟ್ಟಿ, ನೂರು ವರ್ಷಕ್ಕೂ ಮಿಕ್ಕು ಒಂದೇ ಒಲೆಯ ಅಡುಗೆಯನ್ನುಂಡು, ಅನಂತರ ಪ್ರಕಾಶಕರ ಮತ್ತು ವಿಮರ್ಶಕರ ಪಂಚಾಯಿತಿಯಲ್ಲಿ ಪಾಲಾದ ದಾಯಾದಿಗಳಿವು. ಓದುಗರಾದರೋ ಆ ಪಾಲುಪತ್ರಕ್ಕೆ ಎಂದೂ ಮನಃಪೂರ್ವಕವಾಗಿ ರುಜು ಹಾಕಿದವರಲ್ಲ. ಈ ಪ್ರಕಾರಗಳ ರೂಪ ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿಯೂ ಅನಂತರ ಅಮೆರಿಕದಲ್ಲಿಯೂ ನಿಶ್ಚಿತವಾದುದರಿಂದ ಇತಿಹಾಸವನ್ನು ಅಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಆ ಮೂಲ ಮನೆ ಒಂದು ಹಾಳು ಕೋಟೆ. 1764ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಥೆಯನ್ನು ಹೊರೇಸ್ ವಾಲ್ಪೋಲನು ಪ್ರಾಚೀನ ಇಟಾಲಿಯನ್ ಗ್ರಂಥದ ಅನುವಾದವೆಂದು ಹೇಳಿ ಐನೂರು ಪ್ರತಿಗಳನ್ನು ಅಚ್ಚುಹಾಕಿಸಿದನು. ಪ್ರತಿಗಳು ಬೇಗನೆ ಮುಗಿದು ಓದುಗರು ಮೆಚ್ಚಿದರೆಂಬುದು ಖಚಿತವಾದ ಮೇಲೆ, ಎರಡನೆಯ ಮುದ್ರಣದಲ್ಲಿ ತಾನೇ ಕರ್ತೃವೆಂದು ಒಪ್ಪಿಕೊಂಡು, ಅದನ್ನು ‘ಗಾಥಿಕ್’ ಕಥೆಯೆಂದು ಕರೆದನು. ಹೆಸರು ನಿಂತಿತು. ಈ ಮಾರ್ಗವನ್ನು ಪರಿಪೂರ್ಣಗೊಳಿಸಿದವಳು ಆ್ಯನ್ ರ‍್ಯಾಡ್‌ಕ್ಲಿಫ್. ಆಕೆಯ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ (1794) ಗ್ರಂಥಕ್ಕೆ ಪ್ರಕಾಶಕರು ತೆತ್ತ ಐನೂರು ಪೌಂಡ್ ಅಂದಿನ ದಿನಗಳಲ್ಲಿ ಕಾದಂಬರಿಯೊಂದಕ್ಕೆ ಕೇಳರಿಯದ ಸಂಭಾವನೆ. ಅನಾಥ ಕನ್ಯೆ, ದುಷ್ಟ ಪಾಲಕ, ಪರ್ವತದ ನೆತ್ತಿಯ ಕೋಟೆ, ದೂರದಲ್ಲೆಲ್ಲೋ ಇರುವ ನಲ್ಲ: ಪ್ರೇಮ ಕೈಗೂಡುವುದೋ ಇಲ್ಲವೋ ಎಂಬ ಪ್ರಶ್ನೆಯೂ ಪ್ರಾಣ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯೂ ಇಲ್ಲಿ ಒಂದೇ ಎಳೆಯಾಗಿ ಹೊಸೆದುಕೊಂಡಿವೆ. ನಾಯಿಕೆ ಕಪ್ಪು ತೆರೆಯೊಂದನ್ನು ಸರಿಸಿ, ಅದರ ಹಿಂದೆ ಕಂಡುದಕ್ಕೆ ಮೂರ್ಛೆ ಹೋಗುತ್ತಾಳೆ; ಅವಳು ಕಂಡದ್ದೇನೆಂಬುದನ್ನು ಗ್ರಂಥಕರ್ತ್ರಿ ನೂರಾರು ಪುಟಗಳವರೆಗೆ ಬಚ್ಚಿಟ್ಟು, ಕೊನೆಗೆ ಅದೊಂದು ಮೇಣದ ಬೊಂಬೆಯೆಂದು ತಿಳಿಸುತ್ತಾಳೆ. ಅಷ್ಟು ದೂರ ನಡೆಸಿ ಮೇಣವನ್ನು ತೋರಿಸಿದಳೆಂದು ಸಿಟ್ಟಾದವರು ಅಂದೂ ಇದ್ದರು. ಆದರೆ ತಿಳಿಯದೆ ಇರುವುದರಲ್ಲಿಯೇ ಒಂದು ಸುಖವುಂಟೆಂಬುದನ್ನು ಲೋಕಕ್ಕೆ ಕಲಿಸಿದುದು ಆ ತೆರೆಯೇ.

ಇಂತಹ ಪುಸ್ತಕಗಳನ್ನು ಕೊಳ್ಳುವ ಶಕ್ತಿ ಬಹುಮಂದಿಗೆ ಇರಲಿಲ್ಲ; ಬಾಡಿಗೆಗೆ ತಂದು ಓದುವುದೇ ಕ್ರಮ. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ವಿಲಿಯಂ ಲೇನ್ ಎಂಬವನು ನಡೆಸುತ್ತಿದ್ದ ಮಿನರ್ವಾ ಮುದ್ರಣಾಲಯ ಗಾಥಿಕ್ ಕಥೆಗಳನ್ನು ಅಚ್ಚುಹಾಕುವುದರ ಜೊತೆಗೆ ಅವನ್ನು ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯನ್ನೂ ಇಟ್ಟುಕೊಂಡಿತ್ತು. ಜೇನ್ ಆಸ್ಟೆನ್‌ಳ ‘ನಾರ್ತ್ಯಾಂಗರ್ ಅಬಿ’ಯಲ್ಲಿ ಗೆಳತಿಯೊಬ್ಬಳು ನಾಯಿಕೆಗೆ ಓದಲೇಬೇಕಾದ ಏಳು ಭಯಾನಕ ಕಾದಂಬರಿಗಳ ಪಟ್ಟಿಯನ್ನು ಒಪ್ಪಿಸುವ ಪ್ರಸಂಗವಿದೆ. ಆ ಏಳೂ ಹೆಸರುಗಳು ಆಸ್ಟೆನ್ ಪರಿಹಾಸಕ್ಕಾಗಿ ಕಲ್ಪಿಸಿದವೆಂದೇ ವಿದ್ವಾಂಸರು ನೂರು ವರ್ಷ ನಂಬಿದ್ದರು. ಏಳೂ ನಿಜವಾಗಿ ಅಚ್ಚಾಗಿದ್ದ ಪುಸ್ತಕಗಳೆಂಬುದನ್ನು ಮೈಕೇಲ್ ಸ್ಯಾಡ್ಲಿಯರ್ 1927ರಲ್ಲಿ ವಿಶದವಾಗಿ ತೋರಿಸಿದನು, ಮತ್ತು ಅವುಗಳಲ್ಲಿ ಆರು ಮಿನರ್ವಾದವೇ. ಒಂದು ಕಾಲದಲ್ಲಿ ಮನೆಮನೆಗೂ ಹೋಗಿಬಂದ ಗ್ರಂಥಗಳು ಇದ್ದುವೆಂಬುದನ್ನೇ ಸಾಹಿತ್ಯಚರಿತ್ರೆ ಮರೆತುಬಿಟ್ಟಿತ್ತೆಂಬುದು ಈ ಪ್ರಕಾರಗಳಿಗೆ ಸಂದ ಗೌರವದ ಅಳತೆಯನ್ನು ತಿಳಿಸುತ್ತದೆ. ಆಸ್ಟೆನ್‌ಳ ಕೃತಿಯ ಗತಿಯೂ ಅಷ್ಟೇ: 1803ರಲ್ಲಿ ಹತ್ತು ಪೌಂಡಿಗೆ ಅದನ್ನು ಕೊಂಡ ಪ್ರಕಾಶಕನು ಅಚ್ಚುಹಾಕದೆ ಮೂಲೆಗೆ ಎಸೆದಿದ್ದನು, ಅದು ಬೆಳಕು ಕಂಡದ್ದು ಆಕೆ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ.

ಹತ್ತೊಂಬತ್ತನೆಯ ಶತಮಾನದ ನಡುವೆ ಕೋಟೆ ಪರ್ವತದಿಂದ ಇಳಿದು ಊರಿನೊಳಗಿನ ಮನೆಯಾಯಿತು. ಷಾರ್ಲಟ್ ಬ್ರಾಂಟಿಯ ‘ಜೇನ್ ಐರ್’ (1847) ಅಟ್ಟದಲ್ಲಿ ಬಂಧಿತಳಾದ ಹುಚ್ಚು ಹೆಂಡತಿಯನ್ನು ಗೃಹಸ್ಥನೊಬ್ಬನ ಮನೆಯಲ್ಲಿಯೇ ಇರಿಸಿತು. ಅನಂತರದ ಹದಿನೈದು ವರ್ಷಗಳಲ್ಲಿ ವಿಲ್ಕಿ ಕಾಲಿನ್ಸನ ‘ದಿ ವುಮನ್ ಇನ್ ವೈಟ್’, ಶ್ರೀಮತಿ ಹೆನ್ರಿ ವುಡ್‌ಳ ‘ಈಸ್ಟ್ ಲಿನ್’, ಮೇರಿ ಎಲಿಜಬೆತ್ ಬ್ರ್ಯಾಡನ್‌ಳ ‘ಲೇಡಿ ಆಡ್ಲೀಸ್ ಸೀಕ್ರೆಟ್’ ಇವು ಒಂದರ ಹಿಂದೊಂದು ಬಂದು ‘ಸೆನ್ಸೇಷನ್’ ಕಾದಂಬರಿಯೆಂಬ ಹೆಸರನ್ನು ಪಡೆದುವು. ಕಾಲಿನ್ಸನ ಕೃತಿ ಡಿಕನ್ಸನ ವಾರಪತ್ರಿಕೆಯಲ್ಲಿ 1859ರ ನವೆಂಬರಿನಿಂದ ಮರುವರ್ಷದ ಆಗಸ್ಟಿನವರೆಗೆ ಧಾರಾವಾಹಿಯಾಗಿ ಬಂದಾಗ ಅದರ ಹೆಸರಿನ ಟೋಪಿ, ಸುಗಂಧದ್ರವ್ಯಗಳು ಅಂಗಡಿಗೆ ಬಂದುವು. ಧಾರಾವಾಹಿಯ ಧರ್ಮವೇ ಕಥೆಯ ಧರ್ಮವಾದುದನ್ನು ಇಲ್ಲಿ ಗಮನಿಸಬೇಕು: ವಾರದ ಕೊನೆಗೆ ಓದುಗನ ಉಸಿರು ಅರ್ಧಕ್ಕೆ ನಿಲ್ಲದಿದ್ದರೆ ಮುಂದಿನ ವಾರದ ಪ್ರತಿ ಮಾರಾಟವಾಗದು. ಹೀಗೆ ನರಗಳನ್ನು ಕೆರಳಿಸುವ ವ್ಯಾಪಾರ ನೀತಿಗೆ ಕೇಡೆಂದು ತತ್ತ್ವಶಾಸ್ತ್ರಜ್ಞ ಹೆನ್ರಿ ಮ್ಯಾನ್ಸೆಲ್ 1863ರಲ್ಲಿ ಉದ್ದವಾದ ಖಂಡನೆಯೊಂದನ್ನು ಬರೆದನು. ಅಷ್ಟು ಉದ್ದವಾಗಿ ಖಂಡಿಸಲು ಅವನು ಎಷ್ಟು ಕಾದಂಬರಿಗಳನ್ನು ಓದಿರಬೇಕೆಂಬುದು ಬೇರೆ ಮಾತು.

ಕಾಲಿನ್ಸನ ‘ದಿ ಮೂನ್‌ಸ್ಟೋನ್’ (1868) ನಮ್ಮವರಿಗೆ ವಿಶೇಷ ಆಸಕ್ತಿಯ ಕೃತಿ. ಅದರ ಪೀಠಿಕೆ ನಡೆಯುವುದು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ. ಟಿಪ್ಪುವಿನ ಅರಮನೆಯಿಂದ ಇಂಗ್ಲಿಷ್ ಅಧಿಕಾರಿಯೊಬ್ಬನು ಕೊಲೆಮಾಡಿ ಕದ್ದ ಹಳದಿ ವಜ್ರ ಇಂಗ್ಲೆಂಡಿನ ಹಳ್ಳಿಮನೆಯೊಂದನ್ನು ಸೇರಿ, ಅಲ್ಲಿಯ ತರುಣಿಯ ಹುಟ್ಟುಹಬ್ಬದ ರಾತ್ರಿ ಮತ್ತೆ ಕಳುವಾಗುತ್ತದೆ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಮೂಲಪುರುಷನೆಂದು ಈ ಗ್ರಂಥವನ್ನು ಹೊಗಳುವವರು ಒಂದು ಅಂಶವನ್ನು ಸಾಮಾನ್ಯವಾಗಿ ಹೇಳುವುದಿಲ್ಲ: ವಜ್ರವನ್ನು ಎತ್ತಿಕೊಂಡವನನ್ನು ತರುಣಿ ಕಣ್ಣಾರೆ ಕಂಡಿದ್ದಾಳೆ, ಅವನ ಮೇಲಣ ಪ್ರೀತಿಯಿಂದಲೇ ಬಾಯಿ ಬಿಡುವುದಿಲ್ಲ. ಅವಳು ಪ್ರೀತಿಸದೆ ಇದ್ದಿದ್ದರೆ ಮರುದಿನವೇ ಮೊಕದ್ದಮೆ ಮುಗಿಯುತ್ತಿತ್ತು, ಕಾದಂಬರಿಯೇ ಇರುತ್ತಿರಲಿಲ್ಲ. ರಹಸ್ಯದ ಬೀಗವೂ ಕೀಲಿಯೂ ಪ್ರಣಯವೇ ಆದ ಕೃತಿಯನ್ನು ಬರಿಯ ಪತ್ತೇದಾರಿಯ ಕಪಾಟಿಗೆ ಸೇರಿಸಿದುದು ಮೊದಲನೆಯ ಅನ್ಯಾಯದ ಪಾಲು.

ಪುಸ್ತಕ ಓದುಗನ ಕೈ ಸೇರುವ ದಾರಿಯೂ ಈ ನಡುವೆ ಬದಲಾಗುತ್ತಿತ್ತು. ಮೂರು ಸಂಪುಟಗಳ ಕಾದಂಬರಿಯ ಬೆಲೆ ಒಂದೂವರೆ ಗಿನಿ, ಎಂದರೆ 31 ಷಿಲಿಂಗ್ 6 ಪೆನ್ಸ್. ಚಾರ್ಲ್ಸ್ ಮ್ಯೂಡಿ 1842ರಲ್ಲಿ ಆರಂಭಿಸಿದ ಬಾಡಿಗೆ ಗ್ರಂಥಾಲಯದಲ್ಲಿ ಒಂದು ಗಿನಿ ವರ್ಷದ ಚಂದಾ ಕೊಟ್ಟವನು ಒಂದು ಬಾರಿಗೆ ಒಂದು ಸಂಪುಟವನ್ನು ಒಯ್ಯಬಹುದಾಗಿತ್ತು. ಒಂದು ಕಥೆಗೆ ಮೂರು ಸಂಪುಟಗಳಿದ್ದರೆ ಒಂದೇ ಪುಸ್ತಕ ಮೂವರು ಚಂದಾದಾರರ ಕೈಯಲ್ಲಿ ಏಕಕಾಲಕ್ಕೆ ಇರಬಹುದೆಂಬ ಲೆಕ್ಕಾಚಾರದಿಂದ ಮ್ಯೂಡಿ ಆ ಗಾತ್ರವನ್ನೇ ಪೋಷಿಸಿದನು. ನಾಯಿಕೆಯರು ಅಷ್ಟು ದೀರ್ಘಕಾಲ ಕಷ್ಟಪಟ್ಟುದಕ್ಕೆ ಈ ಲೆಕ್ಕವೂ ಒಂದು ಕಾರಣ. 1848ರಲ್ಲಿ ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದ ಮಳಿಗೆಯನ್ನು ತೆರೆದ ಮೇಲೆ ರೈಲುಪ್ರಯಾಣಕ್ಕೆಂದೇ ಹಳದಿ ರಟ್ಟಿನ ಅಗ್ಗದ ಪುಸ್ತಕಗಳು ಬಂದುವು. 1894ರಲ್ಲಿ ಮ್ಯೂಡಿ ಮತ್ತು ಸ್ಮಿತ್ ಸಂಸ್ಥೆಗಳು ಸಂಪುಟವೊಂದಕ್ಕೆ ನಾಲ್ಕು ಷಿಲಿಂಗಿಗಿಂತ ಹೆಚ್ಚು ಕೊಡುವುದಿಲ್ಲವೆಂದು ಹಟ ಹಿಡಿದುದೇ ತಡ, ಮೂರು ಸಂಪುಟದ ಪದ್ಧತಿ ಕೆಲವೇ ವರ್ಷಗಳಲ್ಲಿ ಅಳಿಯಿತು. ಕಥೆ ಗಿಡ್ಡವಾಯಿತು, ಗಿಡ್ಡ ಕಥೆಯಲ್ಲಿ ಎರಡು ರಸಗಳಿಗೆ ಸಮಾನ ಸ್ಥಳ ಸಿಗದೆ ಹೋಯಿತು.

ಪಾಲುಪತ್ರ ಬರೆಹಕ್ಕಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮಗಳನ್ನು ವಿಧಿಸಿದಾಗ, ಪ್ರಣಯಕ್ಕೆ ಅಲ್ಲಿ ಪ್ರವೇಶವಿಲ್ಲವೆಂಬುದನ್ನು ಮೂರನೆಯ ನಿಯಮವಾಗಿಯೇ ಸೇರಿಸಿದನು. ಅದೇ ವರ್ಷ ಡಾರತಿ ಸೇಯರ್ಸ್‌ಳೂ ತಾನು ಸಂಪಾದಿಸಿದ ಕಥಾಸಂಕಲನದ ಮುನ್ನುಡಿಯಲ್ಲಿ ಪತ್ತೇದಾರನ ಪ್ರೇಮವನ್ನು ಕುರಿತು ಅಸಹನೆಯನ್ನು ವ್ಯಕ್ತಪಡಿಸಿದ್ದಳು. ಆದರೆ 1930ರ ‘ಸ್ಟ್ರಾಂಗ್ ಪಾಯ್ಸನ್’ ಕಾದಂಬರಿಯಲ್ಲಿ ಆಕೆಯ ಪತ್ತೇದಾರ ಪೀಟರ್ ವಿಮ್ಸಿ, ಕೊಲೆಯ ಆರೋಪ ಹೊತ್ತು ಕಟಕಟೆಯಲ್ಲಿ ನಿಂತ ಹೆಣ್ಣನ್ನೇ ಪ್ರೀತಿಸುತ್ತಾನೆ. 1937ರಲ್ಲಿ ಅವರ ಮದುವೆಯ ಕಥೆ ಬಂದಾಗ ಅದು ನಡುನಡುವೆ ಪತ್ತೇದಾರಿಕೆಯಿಂದ ಅಡ್ಡಿಗೊಂಡ ಪ್ರೇಮಕಥೆಯೆಂದು ಉಪಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡಳು. ಅಗಾಥಾ ಕ್ರಿಸ್ಟಿಯ ಮಾರ್ಗ ಬೇರೆ. ಕೊಲೆಗಳನ್ನು ಸ್ವಂತ ಹೆಸರಿನಲ್ಲಿ ಬರೆದು, ಹೃದಯದ ವ್ಯವಹಾರಗಳನ್ನು 1930ರಿಂದ 1956ರವರೆಗೆ ಆರು ಕಾದಂಬರಿಗಳಲ್ಲಿ ಮೇರಿ ವೆಸ್ಟ್‌ಮಕಾಟ್ ಎಂಬ ಗುಪ್ತನಾಮದಿಂದ ಬರೆದಳು. ಗೋಡೆ ಎಷ್ಟು ಎತ್ತರವಾಗಿತ್ತೆಂದರೆ ಅದನ್ನು ದಾಟಲು ಕ್ರಿಸ್ಟಿಯಂತಹವಳೂ ವೇಷ ಮರೆಸಿಕೊಳ್ಳಬೇಕಾಯಿತು.

ಗೋಡೆಯ ಇನ್ನೊಂದು ಬದಿಯಲ್ಲಿ ಮಿಲ್ಸ್ ಅಂಡ್ ಬೂನ್ ಸಂಸ್ಥೆಯಿದ್ದಿತು. 1908ರಲ್ಲಿ ಸ್ಥಾಪಿತವಾದಾಗ ಅದು ಎಲ್ಲ ಬಗೆಯ ಪುಸ್ತಕಗಳನ್ನೂ ಹೊರಡಿಸುತ್ತಿದ್ದ ಸಾಮಾನ್ಯ ಪ್ರಕಾಶನ. ಜ್ಯಾಕ್ ಲಂಡನ್ನನ ಕೃತಿಗಳೂ ಅಲ್ಲಿಂದ ಬಂದಿವೆ. ಬೀದಿಬೀದಿಯಲ್ಲಿ ಎರಡು ಪೆನ್ಸಿಗೆ ಪುಸ್ತಕ ಬಾಡಿಗೆ ಕೊಡುವ ಅಂಗಡಿಗಳು 1930ರ ದಶಕದಲ್ಲಿ ಹಬ್ಬಿದಾಗ, ಅಲ್ಲಿಯ ಗಿರಾಕಿಗಳು ಲೇಖಕಿಯ ಹೆಸರಿಗಿಂತ ರಟ್ಟಿನ ಗುರುತನ್ನು ನೋಡಿ ಪ್ರಣಯಕಥೆಗಳನ್ನು ಆರಿಸುವರೆಂಬುದನ್ನು ಕಂಡು ಸಂಸ್ಥೆ ಅದೊಂದನ್ನೇ ಕಸುಬಾಗಿ ಹಿಡಿಯಿತು. ಕೆನಡಾದ ವಿನ್ನಿಪೆಗ್‌ನಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಸಂಸ್ಥೆಯೂ ಮೊದಲು ಪತ್ತೇದಾರಿ, ಪಶ್ಚಿಮದ ಕುದುರೆಸವಾರರ ಕಥೆ ಎಲ್ಲವನ್ನೂ ಕಾಗದದ ರಟ್ಟಿನಲ್ಲಿ ಮಾರುತ್ತಿದ್ದು, 1957ರಿಂದ ಮಿಲ್ಸ್ ಅಂಡ್ ಬೂನ್ ಕಥೆಗಳನ್ನು ಮರುಮುದ್ರಿಸತೊಡಗಿ, 1971ರಲ್ಲಿ ಆ ಸಂಸ್ಥೆಯನ್ನೇ ಕೊಂಡುಕೊಂಡಿತು.

ಇತ್ತ ಹಳೆಯ ಮನೆಯ ದೀಪ ಪೂರ್ತಿ ಆರಿರಲಿಲ್ಲ. 1938ರಲ್ಲಿ ಡ್ಯಾಫ್ನಿ ಡ್ಯು ಮಾರಿಯೆಯ ‘ರೆಬೆಕ್ಕಾ’ ಬಂದಿತು. ಸತ್ತ ಮೊದಲ ಹೆಂಡತಿಯ ಹೆಸರು ಪುಸ್ತಕದ ಶಿರದಲ್ಲಿದೆ. ಕಥೆ ಹೇಳುವ ಎರಡನೆಯ ಹೆಂಡತಿಗೆ ಆದ್ಯಂತ ಹೆಸರೇ ಇಲ್ಲ. ಗಂಡ ತನ್ನನ್ನು ಪ್ರೀತಿಸುವನೆ ಎಂಬ ಸಂಶಯವೂ ಗಂಡ ಕೊಲೆಗಾರನೆ ಎಂಬ ಸಂಶಯವೂ ಒಂದೇ ಉತ್ತರದಿಂದ ನೀಗುವ ಈ ರಚನೆಯಲ್ಲಿ ರ‍್ಯಾಡ್‌ಕ್ಲಿಫ್‌ಳ ಎಳೆ ಮತ್ತೆ ಹೊಸೆದುಕೊಂಡಿತು. ಮುಂದೆ ಮೇರಿ ಸ್ಟೂಅರ್ಟ್ (1955ರಿಂದ) ಪ್ರವಾಸಕ್ಕೆ ಹೋದ ಸ್ವತಂತ್ರ ಮನಸ್ಸಿನ ತರುಣಿಯರನ್ನು ಅಪಾಯದಲ್ಲಿ ಸಿಕ್ಕಿಸಿ ಬರೆದಳು. ಎಲಿನರ್ ಹಿಬರ್ಟ್ ಎಂಬಾಕೆ ‘ಮಿಸ್ಟ್ರೆಸ್ ಆಫ್ ಮೆಲಿನ್’ (1960) ಮೊದಲಾದ ಗಾಥಿಕ್ ಕಥೆಗಳಿಗೆ ವಿಕ್ಟೋರಿಯಾ ಹೋಲ್ಟ್ ಎಂದೂ, ರಾಜವಂಶದ ಕಥೆಗಳಿಗೆ ಜೀನ್ ಪ್ಲೇಡಿ ಎಂದೂ, ಕುಲಪರಂಪರೆಯ ಕಥೆಗಳಿಗೆ ಫಿಲಿಪ್ಪಾ ಕಾರ್ ಎಂದೂ ಉಪಪ್ರಕಾರಕ್ಕೊಂದು ಹೆಸರನ್ನು ಇಟ್ಟುಕೊಂಡಳು. ಅಮೆರಿಕದ ಅಗ್ಗದ ಮುದ್ರಣಗಳ ಮುಖಪುಟದಲ್ಲಿ ಇರುಳಂಗಿಯ ಹೆಣ್ಣೊಬ್ಬಳು ಕಗ್ಗತ್ತಲೆಯ ಮನೆಯಿಂದ ಓಡುತ್ತಿರುವುದೂ, ಆ ಮನೆಯ ಒಂದೇ ಕಿಟಕಿಯಲ್ಲಿ ಬೆಳಕಿರುವುದೂ ಮಾಮೂಲಾಯಿತು. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್‌ಳ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ದೊಡ್ಡ ಗಾತ್ರದ ಐತಿಹಾಸಿಕ ಪ್ರಣಯಕ್ಕೆ ಹಾದಿ ತೆರೆದು ಈ ಕಿಟಕಿಯ ಬೆಳಕನ್ನು ಮಂಕುಮಾಡಿತು. 1984ರಲ್ಲಿ ಹಾರ್ಲೆಕ್ವಿನ್ ಸಂಸ್ಥೆ ‘ಇಂಟ್ರೀಗ್’ ಎಂಬ ಮಾಲೆಯಲ್ಲಿ ಪ್ರಣಯವನ್ನೂ ರಹಸ್ಯವನ್ನೂ ಮತ್ತೆ ಒಂದುಗೂಡಿಸಿ, ಅದನ್ನು ನವೀನ ಮಾರ್ಗವೆಂದು ಮಾರಿತು.

ಅದೇ ವರ್ಷ ಜಾನಿಸ್ ರ‍್ಯಾಡ್‌ವೇ ಎಂಬ ವಿದುಷಿ ‘ರೀಡಿಂಗ್ ದಿ ರೊಮಾನ್ಸ್’ ಎಂಬ ಗ್ರಂಥದಲ್ಲಿ ಕಾದಂಬರಿಗಳನ್ನು ಬಿಟ್ಟು ಓದುವವರನ್ನೇ ಕೇಳಿದಳು. ಅಮೆರಿಕದ ಊರೊಂದರ ಗೃಹಿಣಿಯರು ಆಕೆಗೆ ಹೇಳಿದುದರಲ್ಲಿ ಕಥೆಗಿಂತ ಓದುವ ಕ್ರಿಯೆಯೇ ಮುಖ್ಯ: ಕೈಯಲ್ಲಿ ಪುಸ್ತಕವಿದ್ದಷ್ಟು ಹೊತ್ತು ಗಂಡನೂ ಮಕ್ಕಳೂ ತಮ್ಮನ್ನು ಕರೆಯಬಾರದು. ಅವರಲ್ಲಿ ಹಲವರು ಪುಸ್ತಕವನ್ನು ಕೊಳ್ಳುವ ಮೊದಲು ಕೊನೆಯ ಪುಟಗಳನ್ನು ಓದಿ, ಮಂಗಳಾಂತವೆಂದು ಖಚಿತಪಡಿಸಿಕೊಳ್ಳುತ್ತಿದ್ದರು. ಕೊನೆಯ ಪುಟವನ್ನು ಮೊದಲು ಓದುವುದು ಪತ್ತೇದಾರಿ ಕಥೆಯ ಓದುಗನಿಗೆ ಮಹಾಪಾಪ. ಎರಡೂ ಕಪಾಟುಗಳಿಗೆ ಕೈಹಾಕುವವರು ಈ ಎರಡು ಆಚಾರಗಳನ್ನೂ ಸಂಕೋಚವಿಲ್ಲದೆ ಪಾಲಿಸುತ್ತಾರೆ.

ಭಾರತಕ್ಕೆ ಈ ಸಾಹಿತ್ಯ ಬಂದುದು ಹಡಗಿನ ಪೆಟ್ಟಿಗೆಗಳಲ್ಲಿ. ಜಿ. ಡಬ್ಲ್ಯು. ಎಂ. ರೆನಾಲ್ಡ್ಸನ ಲಂಡನ್ ರಹಸ್ಯಗಳು ಸ್ವದೇಶದಲ್ಲಿ ಮರೆತುಹೋದ ಬಳಿಕವೂ ಇಲ್ಲಿಯ ಗ್ರಂಥಾಲಯಗಳಲ್ಲಿ ಓದಲ್ಪಡುತ್ತಿದ್ದು, ಹಲವು ದೇಶಭಾಷೆಗಳಿಗೆ ಇಳಿದುವು. ಕನ್ನಡದಲ್ಲಿಯಾದರೋ ಕಾದಂಬರಿಯ ರುಚಿಯನ್ನು ಹತ್ತಿಸಿದವರು ಬಿ. ವೆಂಕಟಾಚಾರ್ಯರು (1845-1914). ಸ್ವಪ್ರಯತ್ನದಿಂದ ಬಂಗಾಳಿಯನ್ನು ಕಲಿತು ಅವರು ತಂದ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯಲ್ಲಿ ಕೋಟೆ, ಸೆರೆ, ಕತ್ತಿ, ಪ್ರೇಮ ಎಲ್ಲವೂ ಒಟ್ಟಿಗೆ ಇದ್ದುವು; ಓದುಗರೂ ಎಲ್ಲವನ್ನೂ ಒಟ್ಟಿಗೆ ಸ್ವೀಕರಿಸಿದರು. ಗಳಗನಾಥರ ಐತಿಹಾಸಿಕ ಕಥೆಗಳು ‘ಸದ್ಬೋಧ ಚಂದ್ರಿಕೆ’ಯ ಮೂಲಕ ಉತ್ತರ ಕರ್ನಾಟಕದ ಮನೆಗಳನ್ನು ಸೇರಿದುವು.

ಸ್ವಾತಂತ್ರ್ಯೋತ್ತರದಲ್ಲಿ ಕನ್ನಡದಲ್ಲಿಯೂ ಪಾಲು ನಡೆಯಿತು. ಗೃಹಜೀವನದ ಪ್ರೇಮಕಥೆಗೆ ‘ಸಾಮಾಜಿಕ’ವೆಂಬ ಗೌರವದ ಹೆಸರು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಪಠ್ಯಪುಸ್ತಕದ ಮರೆಯಲ್ಲಿ ಅಡಗುವ ಅವಸ್ಥೆ. ಆದರೂ ಹಳೆಯ ಎಳೆ ಇಲ್ಲಿಯೂ ಕಾಣುತ್ತದೆ. ತ್ರಿವೇಣಿಯವರ (1928-1963) ‘ಶರಪಂಜರ’, ‘ಬೆಕ್ಕಿನ ಕಣ್ಣು’ ಇವು ಸಾಮಾಜಿಕವೆಂದು ಹೆಸರಾದುವಾದರೂ, ಮನಸ್ಸೆಂಬ ಅಟ್ಟದಲ್ಲಿ ಏನನ್ನು ಕೂಡಿಹಾಕಲಾಗಿದೆಯೆಂಬ ಕಾತರವೇ ಓದುಗನನ್ನು ಮುಂದಕ್ಕೆ ಎಳೆಯುತ್ತದೆ. ‘ಜೇನ್ ಐರ್’ ಬೀಗ ಹಾಕಿದ ಕೋಣೆಯೊಳಗಿನ ಹೆಣ್ಣನ್ನೇ ಇವರು ನಾಯಿಕೆಯಾಗಿ ಕೂರಿಸಿ ಮಾತನಾಡಿಸಿದರೆನ್ನಬಹುದು. ಪತ್ತೇದಾರಿಯಲ್ಲಿ ಹೆಸರು ಮಾಡಿದ ಟಿ. ಕೆ. ರಾಮರಾಯರೇ ‘ಬಂಗಾರದ ಮನುಷ್ಯ’ವನ್ನೂ ಬರೆದರು, ಅದೂ ಸ್ವಂತ ಹೆಸರಿನಲ್ಲಿಯೇ, ಕ್ರಿಸ್ಟಿಯಂತೆ ವೇಷ ಮರೆಸುವ ಅಗತ್ಯ ಅವರಿಗೆ ತೋರಲಿಲ್ಲ. ಸಾಯಿಸುತೆಯವರ ನೂರಕ್ಕೂ ಮಿಕ್ಕ ಕಾದಂಬರಿಗಳೂ, ವಂಶಿಯವರು ತೆಲುಗಿನಿಂದ ತಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವೂ ಒಂದೇ ಕಾಲದ ಮನೆಗಳಲ್ಲಿ ಓದಿಸಿಕೊಂಡುವು.

ಬೆಂಗಳೂರು ಮೈಸೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಈ ಪುಸ್ತಕಗಳನ್ನು ದಪ್ಪ ರಟ್ಟು ಕಟ್ಟಿಸಿ, ಬೆನ್ನಿಗೆ ಸಂಖ್ಯೆ ಬರೆದು ಇಡುತ್ತಿದ್ದರು. ರಟ್ಟೆಲ್ಲ ಒಂದೇ ಬಣ್ಣವಾದುದರಿಂದ ಓದಿದ ಪುಸ್ತಕವನ್ನೇ ಮತ್ತೆ ಒಯ್ಯುವ ಭಯ ಸದಾ ಇದ್ದು, ಅದಕ್ಕಾಗಿ ಓದುಗರು ಗೊತ್ತಾದ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕೆಯನ್ನೋ ಅಡ್ಡಗೆರೆಯನ್ನೋ ಹಾಕಿಡುವುದಿತ್ತು. ಅಂತಹ ಹಳೆಯ ಪ್ರತಿಗಳನ್ನು ತಿರುವಿದವರಿಗೆ, ಪ್ರೇಮಕಥೆಯ ಅಂಚಿನಲ್ಲಿ ಕಂಡ ಅದೇ ಗುರುತು ಕೊಲೆಯ ಕಥೆಯ ಅದೇ ಪುಟದಲ್ಲಿಯೂ ಸಿಗುವುದು ಅಪರೂಪವಲ್ಲ.