ಹೊಂಗೆಕಡ್ಡಿಯೂ ಫ್ಲೋರೈಡೂ

ಹಲ್ಲುಜ್ಜಲು ಯಾವುದು ಮೇಲೆಂಬ ಚರ್ಚೆ ಇಂದಿನದಲ್ಲ. ದಂತಕಾಷ್ಠವು 12 ಅಂಗುಲ ಉದ್ದ, ಕಿರುಬೆರಳಿನ ಗಾತ್ರ ಇರಬೇಕೆಂದು ಸುಶ್ರುತ ಸಂಹಿತೆ ಅಳತೆಯನ್ನೇ ಕೊಟ್ಟಿದೆ. ಕಹಿಯಲ್ಲಿ ಬೇವನ್ನೂ ಖಾರದಲ್ಲಿ ಹೊಂಗೆಯನ್ನೂ ಮೆಚ್ಚಿದೆ. ಮುಂದೆ ನಮ್ಮ ಮನೆಗಳಲ್ಲಿ ಇದ್ದಿಲು, ಉಪ್ಪು, ಇಟ್ಟಿಗೆಪುಡಿಗಳೂ ನಡೆದುವು. ಕೊಳೆ ಹೋಗುತ್ತಿತ್ತು, ನಿಜ. ಆದರೆ ಇಟ್ಟಿಗೆಯೊಳಗಿನ ಮರಳು ಹಲ್ಲಿನ ಎನಾಮಲ್ಲಿಗಿಂತ ಗಟ್ಟಿ. ಹಲ್ಲು ಬೆಳ್ಳಗಾದದ್ದು ಕಾಣುತ್ತದೆ, ಸವೆದದ್ದು ಕಾಣುವುದಿಲ್ಲ. ಸವೆದ ಎನಾಮಲ್ ಮತ್ತೆ ಬೆಳೆಯುವುದೂ ಇಲ್ಲ.

ಎನಾಮಲ್ಲನ್ನು ಬಲಪಡಿಸುವ ವಸ್ತು ದೊರೆತದ್ದು, ವಿಚಿತ್ರವೆಂದರೆ, ಒಂದು ಬೇನೆಯ ಜಾಡಿನಲ್ಲಿ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸಿಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡರು. ಕಲೆಬಿದ್ದ ಆ ಹಲ್ಲುಗಳಿಗೆ ಹುಳುಕು ಹಿಡಿಯುವುದೇ ಅಪರೂಪ! ನೀರಿನ ಮೇಲೆ ಗುಮಾನಿ ಬಂತು. ಕಾರಣ ಕೈಗೆ ಸಿಕ್ಕಲು 30 ವರ್ಷ ಹಿಡಿಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಜ್ಞ ಚರ್ಚಿಲ್ ಆ ನೀರಿನಲ್ಲಿದ್ದುದು ಫ್ಲೋರೈಡೆಂದು ತೋರಿಸಿದರು. 1945ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಅದನ್ನು ಅಳೆದು ಬೆರೆಸಿದರು. ಹತ್ತೇ ವರ್ಷದಲ್ಲಿ ಅದು ಪೇಸ್ಟಿಗೂ ಬಂತು.

ಹಾಗಾದರೆ ಫ್ಲೋರೈಡ್ ಸಹಜವೋ ಕೃತಕವೋ? ನೆಲದೊಳಗಿನ ಖನಿಜವೇ ಅದು. ಪಾವಗಡ, ಕೋಲಾರ ಸೀಮೆಯ ಕೊಳವೆಬಾವಿಗಳಲ್ಲಿ ಅದೇ ಅತಿಯಾಗಿ ಹಲ್ಲು ಮೂಳೆಗಳನ್ನು ಕೆಡಿಸಿದೆ. ಡಬ್ಬಿಯ ಮೇಲಿನ ‘ನೈಸರ್ಗಿಕ’ ಎಂಬ ಮಾತಿಗಿಂತ, ಒಳಗೆ ಫ್ಲೋರೈಡ್ ಎಷ್ಟಿದೆ, ಪುಡಿ ಎಷ್ಟು ಒರಟು ಎಂದು ನೋಡುವುದು ಲೇಸು. ಮೂರು ತುಂಬದ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು ಸಾಕೆನ್ನುತ್ತಾರೆ ದಂತವೈದ್ಯರು. ಜಾಹೀರಾತಿನವರು ಮಾತ್ರ ಬ್ರಷ್ಷಿನ ಉದ್ದಕ್ಕೂ ಹಾಸುತ್ತಾರೆ.