ಬಳ್ಳಾರಿ ಸೀಮೆಯ ಬೂದಿದಿಬ್ಬಗಳು

ನವಶಿಲಾಯುಗದ ದನಗಾಹಿಗಳು ಕ್ರಿ.ಪೂ. ಸುಮಾರು 3000ರಿಂದ ಈಚೆಗೆ ಬಿಟ್ಟುಹೋದ ಸಗಣಿಬೂದಿಯ ಗುಡ್ಡೆಗಳಿವು. ಬಳ್ಳಾರಿ ಬಳಿಯ ಕುಡತಿನಿಯದು ಹೆಸರಾದದ್ದು. ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನ ನಂಬಿದರೆ, ಕೆಲವು ವಿದ್ವಾಂಸರು ಚಿತೆ, ಕುಲುಮೆಗಳ ಮಾತೆತ್ತಿದ್ದರು. ಕಿಟ್ಟದಂತೆ ಗಾಜುಗಟ್ಟಿದ ಹೆಂಟೆಗಳೇ ಆ ಶಂಕೆಗೆ ಕಾರಣ. ಆದರೆ ಸಗಣಿಯಲ್ಲುಳಿದ ಹುಲ್ಲಿನೊಳಗಿನ ಸಿಲಿಕಾ ಜೋರು ಬೆಂಕಿಗೆ ಕರಗಿದರೂ ಹಾಗೆಯೇ ಗಟ್ಟಿಯಾಗುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದು ಸಗಣಿ ಎಂದಿದ್ದರು. ನೆರೆಯ ತೆಲಂಗಾಣದ ಉತ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ದೊಡ್ಡಿಯ ಗೂಟದ ಕುಳಿಗಳೂ ಬೂದಿಯಲ್ಲಿ ಅಚ್ಚೊತ್ತಿದ ಗೊರಸಿನ ಗುರುತುಗಳೂ ಸಿಕ್ಕವು. ಆಕಸ್ಮಿಕ ಬೆಂಕಿ ಎನ್ನೋಣವೇ? ಪದರದ ಮೇಲೆ ಪದರವಾಗಿ ಮತ್ತೆ ಮತ್ತೆ ಸುಟ್ಟಿರುವುದು ಬೇಕೆಂದೇ ಮಾಡಿದ ಕೆಲಸವನ್ನು ತೋರಿಸುತ್ತದೆ.

ನಗರವಿಲ್ಲ, ಲಿಪಿಯಿಲ್ಲ, ಈ ದನಗಾಹಿಗಳ ಬದುಕನ್ನು ನಾಗರಿಕತೆಯೆನ್ನಬಹುದೇ ಎಂಬ ಆಕ್ಷೇಪವಿದೆ. ಹರಪ್ಪದ ಅಳತೆಗೋಲು ಇಲ್ಲಿಗೆ ಹೊಂದದು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಕರಿಕಲ್ಲನ್ನು ಒಡೆದು, ಉಜ್ಜಿ, ನುಣುಪು ಕೊಡಲಿಗಳನ್ನು ರಾಶಿಗಟ್ಟಲೆ ಮಾಡುತ್ತಿದ್ದರು. ಹುರುಳಿ, ಹೆಸರು ಬೆಳೆಯುತ್ತಿದ್ದರು. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಗುಡಿಸಲುಗಳ ನೆಲೆಗಳೊಂದಿಗೆ ಚಿನ್ನದ ಒಡವೆಯನ್ನೂ ಕಂಡರು. ದನ, ಬೇಸಾಯ, ಕುಶಲಕರ್ಮ, ಆಚರಣೆ ಒಂದೇ ಬದುಕಿನಲ್ಲಿ ಹೆಣೆದುಕೊಂಡಿದ್ದ ಸಮಾಜವಿದು. ಈಚಿನ ಕಲ್ಲುಗಣಿಗಾರಿಕೆ ಸಂಗನಕಲ್ಲಿನ ಬೆಟ್ಟಗಳ ಸಾಕ್ಷ್ಯವನ್ನೇ ಕಬಳಿಸಿರುವುದು ದೊಡ್ಡ ನಷ್ಟ.